ಔಷಧ ಮೈಗೆ ಒಗ್ಗದೆ ಹೋದಾಗ

(ಗಿರಣಿ ಕಾರ್ಮಿಕರ ಮತ್ತು ಚಿಲ್ಲರೆ ಅಂಗಡಿಕಾರರ ಕೂಡುಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸಿನ ವಿಚಾರವನ್ನು ಮುಂದಿನ ವಾರಕ್ಕೆ ಇಟ್ಟು ಈ ಸಂಜೆ ಔಷಧಿಯ ವಿಚಾರ ಮಾತಾಡೋಣವೆಂದು ಕಾರ್ಯದರ್ಶಿಗಳು ಹೇಳಿದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕದ್ದನ್ನು ನೋಡಿದೆ. ಮೇಷ್ಟ್ರು ಪಕ್ಷಕ್ಕೆ ಬಂದದ್ದಾಯಿತು, ಈಗ ಡಾಕ್ಟರೂ ಆದರೋ ಎಂದು ಆ ನಗೆಯ ಅರ್ಥ. ನಾನು ಡಾಕ್ಟರಲ್ಲ. ಹೇಳುವ ಮಾತುಗಳಲ್ಲಿ ಕೆಲವು ಪುಸ್ತಕದಿಂದ ತಿಳಿದದ್ದು, ಕೆಲವು ತಿಳಿದ ವೈದ್ಯರನ್ನು ಕೇಳಿ ಕಲಿತದ್ದು, ಕೆಲವು ನಮ್ಮ ಮನೆಯಲ್ಲೇ ಪೆಟ್ಟು ತಿಂದು ಕಲಿತದ್ದು. ಹೋದ ತಿಂಗಳು ನಮ್ಮ ಗಿರಣಿಯ ಗೇಟಿನಲ್ಲಿ ನಡೆದ ಸಂಗತಿಯ ಮೇಲೆ ಇದನ್ನು ಮುಂದಕ್ಕೆ ಹಾಕುವುದು ಸರಿಯಲ್ಲವೆಂದು ತೋರಿತು.

ನಡೆದದ್ದು ಬಹಳ ಜನಕ್ಕೆ ಗೊತ್ತು. ಚೀಲ ಹೊಲಿಯುವ ನಮ್ಮ ಗೆಳೆಯ ಹಲ್ಲುನೋವೆಂದು ಎದುರಿನ ಅಂಗಡಿಯಲ್ಲಿ ಒಂದು ನೋವಿನ ಗುಳಿಗೆ ಕೊಂಡು ಚಹದ ಜೊತೆ ನುಂಗಿದ. ಕಾಲು ಗಂಟೆ ಕಳೆದಿರಲಿಲ್ಲ. ಅಂಗೈ ಅಂಗಾಲು ತುರಿಸಿತು, ಮೈತುಂಬ ಗಂಧೆ ಎದ್ದಿತು, ತುಟಿ ಊದಿತು, ಉಸಿರು ಗೊರಗೊರ ಎನ್ನತೊಡಗಿತು. ಪಿತ್ತ ಕೆದರಿದೆಯೆಂದು ಒಬ್ಬರು ಹುಣಸೆನೀರು ಕುಡಿಸಿದರು. ಇನ್ನೊಬ್ಬರು ಕಂಬಳಿಯಿಂದ ಮೈ ಉಜ್ಜಿದರು. ಕೊನೆಗೆ ಅವನನ್ನು ಬೈಕಿನ ಮೇಲೆ ಇಬ್ಬರ ನಡುವೆ ನೆಟ್ಟಗೆ ಕೂರಿಸಿ ಹಿಡಿದುಕೊಂಡು ಹೊರಟೆವು. ಹಿಂದೆ ಕುಳಿತು ಹಿಡಿದವನು ನಾನೇ. ಅರ್ಧ ದಾರಿಯಲ್ಲಿ ಅವನ ಕತ್ತು ನನ್ನ ಹೆಗಲಿಗೆ ಬಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗ ಡಾಕ್ಟರಿರಲಿಲ್ಲ, ನರ್ಸಮ್ಮ ಇದ್ದರು. ಆಕೆ ಒಂದು ಮಾತೂ ಕೇಳದೆ ಅವನನ್ನು ಅಂಗಾತ ಮಲಗಿಸಿ, ಕಾಲಡಿಗೆ ಎರಡು ದಿಂಬು ಒತ್ತಿ, ತೊಡೆಗೆ ಒಂದು ಇಂಜಕ್ಷನ್ ಹಾಕಿದರು. ಐದು ನಿಮಿಷದಲ್ಲಿ ಉಸಿರು ತಿಳಿಯಾಯಿತು, ಕಣ್ಣು ಬಿಟ್ಟ. ಈಗ ಮೂರನೆಯ ಸಾಲಿನಲ್ಲಿ ಕುಳಿತು ತಲೆ ತಗ್ಗಿಸಿದ್ದಾನೆ, ನಾಚಿಕೆಪಡಬೇಕಾದವನು ಅವನಲ್ಲ.

ನಾಚಿಕೆ ನಮಗೆ. ನಾವು ಮಾಡಿದ ಪ್ರತಿಯೊಂದು ಉಪಚಾರವೂ ಅವನನ್ನು ಸಾವಿನ ಕಡೆಗೇ ಒಯ್ಯುತ್ತಿತ್ತೆಂದು ನರ್ಸಮ್ಮ ಆಮೇಲೆ ಹೇಳಿದರು.

ಮೈಯೊಳಗೆ ಆಗುವುದೇನು? ನಮ್ಮ ರಕ್ತದಲ್ಲಿ ಹೊರಗಿನಿಂದ ಬರುವ ರೋಗಾಣುಗಳನ್ನು ತಡೆಯುವ ಒಂದು ಕಾವಲು ವ್ಯವಸ್ಥೆ ಇದೆ. ಗಿರಣಿಯ ಗೇಟಿನ ಕಾವಲುಗಾರನನ್ನೇ ಕಲ್ಪಿಸಿಕೊಳ್ಳಿ. ಒಬ್ಬ ಬಡಪಾಯಿ ತಪ್ಪು ದಾರಿಯಲ್ಲಿ ಒಳಗೆ ಬಂದ. ಕಾವಲುಗಾರ ಅವನನ್ನು ಕಳ್ಳನೆಂದು ಬಗೆದು ಮುಖವನ್ನು ಗುರುತಿಟ್ಟುಕೊಂಡ. ಆ ದಿನ ಏನೂ ಆಗಲಿಲ್ಲ. ಇನ್ನೊಮ್ಮೆ ಅದೇ ಮನುಷ್ಯ ಕಂಡಕೂಡಲೇ ಸೈರನ್ ಕೂಗಿಸಿ, ಎಲ್ಲ ಯಂತ್ರ ನಿಲ್ಲಿಸಿ, ಎಲ್ಲ ಬಾಗಿಲು ಹಾಕಿಸಿಬಿಟ್ಟ. ಪೆನಿಸಿಲಿನ್ ಒಗ್ಗದವರಲ್ಲಿ ಆಗುವುದು ಹೀಗೆ. ಮೊದಲ ಸಲ ಔಷಧ ಒಳಗೆ ಹೋದಾಗ ಮೈ ಅದರ ವಿರುದ್ಧ ಒಂದು ಬಗೆಯ ಪ್ರತಿಕಾಯವನ್ನು ಸಿದ್ಧಮಾಡಿಕೊಳ್ಳುತ್ತದೆ. ಅದು ಚರ್ಮದಲ್ಲಿ, ಶ್ವಾಸನಾಳದಲ್ಲಿ, ಕರುಳಿನಲ್ಲಿ ಇರುವ ಕೆಲವು ಕೋಶಗಳ ಮೇಲೆ ಅಂಟಿಕೊಂಡು ಕಾಯುತ್ತದೆ. ಮತ್ತೊಮ್ಮೆ ಅದೇ ಔಷಧ ಬಂದಾಗ ಆ ಕೋಶಗಳು ಹಿಸ್ಟಮೀನ್ ಮುಂತಾದ ದ್ರವ್ಯಗಳನ್ನು ಒಮ್ಮೆಗೇ ಸುರಿಯುತ್ತವೆ. ರಕ್ತನಾಳಗಳು ಸಡಿಲಗೊಂಡು ಸೋರುತ್ತವೆ, ಆದ್ದರಿಂದ ಊತ, ಗಂಧೆ. ರಕ್ತದೊತ್ತಡ ಕುಸಿಯುತ್ತದೆ, ಆದ್ದರಿಂದ ತಲೆ ತಿರುಗಿ ಬೀಳುವುದು. ಶ್ವಾಸನಾಳ ಬಿಗಿಯುತ್ತದೆ, ಆದ್ದರಿಂದ ಗೊರಗೊರ. ಹಿಂದೆ ಹತ್ತು ಸಲ ತೆಗೆದುಕೊಂಡು ಏನೂ ಆಗಿರಲಿಲ್ಲ ಎಂಬುದು ಜಾಮೀನಲ್ಲ. ಹನ್ನೊಂದನೆಯ ಸಲ ಆಗಬಹುದು. ನೋವಿನ ಗುಳಿಗೆಗಳಲ್ಲಂತೂ ಈ ಪೂರ್ವಪರಿಚಯವೂ ಅನೇಕ ಸಲ ಬೇಕಿಲ್ಲ; ಬೇರೆ ದಾರಿಯಿಂದ ಅದೇ ಸೈರನ್ ಕೂಗುತ್ತದೆ. ಆಸ್ಪಿರಿನ್ ಒಗ್ಗದವನಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಸಹ ಒಗ್ಗದಿರಬಹುದು. ಉಬ್ಬಸದವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಇದರ ಕಥೆ ತೊಡಗಿದ್ದು ಹಡಗಿನ ಮೇಲೆ. ೧೯೦೧ರಲ್ಲಿ ಮೊನಾಕೋದ ರಾಜನ ಹಡಗಿನಲ್ಲಿ ಹೋದ ರಿಶೇ ಮತ್ತು ಪೋರ್ತಿಯೇ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಕಡಲಜೀವಿಗಳ ವಿಷವನ್ನು ಅಭ್ಯಾಸ ಮಾಡಿದರು. ಊರಿಗೆ ಮರಳಿ ನಾಯಿಗಳಿಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು ರೂಢಿ ಮಾಡಿಸಬಹುದೇ ಎಂದು ನೋಡಹೊರಟರೆ, ಮೊದಲ ಸಲ ಸುಖವಾಗಿ ಬದುಕಿದ ನಾಯಿ ವಾರಗಳ ನಂತರ ಅತಿ ಸಣ್ಣ ಪ್ರಮಾಣಕ್ಕೇ ನಿಮಿಷಗಳಲ್ಲಿ ಸತ್ತಿತು. ರೂಢಿಯಾಗುವ ಬದಲು ವೈರವಾಯಿತು. ೧೯೦೨ರಲ್ಲಿ ಅದಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು. ೧೯೧೩ರಲ್ಲಿ ರಿಶೇಗೆ ನೊಬೆಲ್ ಪಾರಿತೋಷಕ ಬಂತು.

ಆ ಹೊತ್ತಿನಲ್ಲಿ ಪ್ರಾಣ ಉಳಿಸುವ ಔಷಧ ಒಂದೇ: ಅಡ್ರಿನಲಿನ್. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ಎಂದರೆ ಸಾಮಾನ್ಯವಾಗಿ ಸಿಗುವ ಒಂದು ಮಿಲಿಲೀಟರಿನ ಗಾಜಿನ ಕುಪ್ಪಿಯ ಅರ್ಧ, ತೊಡೆಯ ನಡುಭಾಗದಲ್ಲಿ ಹೊರಮಗ್ಗುಲಿನ ಮಾಂಸಕ್ಕೆ. ಐದು ನಿಮಿಷದಲ್ಲಿ ಗುಣ ಕಾಣದಿದ್ದರೆ ಇನ್ನೊಮ್ಮೆ. ಮಕ್ಕಳಿಗೆ ತೂಕ ನೋಡಿ ಕಡಿಮೆ. ಇದನ್ನು ಹಾಕುವುದು ತರಬೇತಿ ಪಡೆದವರ ಕೆಲಸ. ಆದರೆ ಇದು ಬೇಕೆಂದು ಕೇಳುವುದು ನಿಮ್ಮ ಹಕ್ಕು. ಏಕೆ ಹೇಳುತ್ತೇನೆಂದರೆ, ಎಷ್ಟೋ ಕಡೆ ಮೊದಲು ಏವಿಲ್ ಇಂಜಕ್ಷನ್, ಆಮೇಲೆ ಸ್ಟೀರಾಯ್ಡ್ ಕೊಟ್ಟು ಕಾಯುತ್ತಾರೆ. ಏವಿಲ್ ತುರಿಕೆಯನ್ನು ಇಳಿಸೀತು. ಬಿಗಿದ ಶ್ವಾಸನಾಳವನ್ನು, ಕುಸಿದ ರಕ್ತದೊತ್ತಡವನ್ನು ಅದು ಎತ್ತಲಾರದು. ಸ್ಟೀರಾಯ್ಡ್ ಕೆಲಸ ತೊಡಗುವುದಕ್ಕೆ ಗಂಟೆಗಳು ಬೇಕು. ಅವು ಬೇಡವೆಂದಲ್ಲ. ಸಾಲಿನಲ್ಲಿ ಅವು ಹಿಂದೆ ನಿಲ್ಲಬೇಕು, ಮುಂದಲ್ಲ.

ಗಾಡಿ ಬರುವ ತನಕ ನಮ್ಮ ಕೆಲಸ ಇಷ್ಟು. ೧೦೮ಕ್ಕೆ ಫೋನು ಮಾಡಿ. ರೋಗಿಯನ್ನು ಅಂಗಾತ ಮಲಗಿಸಿ, ಕಾಲು ಮೇಲೆತ್ತಿಡಿ. ಎದ್ದು ನಿಲ್ಲಿಸಬೇಡಿ, ನಡೆಸಬೇಡಿ. ಸುಧಾರಿಸಿದಂತೆ ಕಂಡವನು ಎದ್ದು ನಿಂತಕೂಡಲೇ ಹೃದಯಕ್ಕೆ ರಕ್ತ ಸಾಲದೆ ಕುಸಿದು ಸತ್ತದ್ದುಂಟು. ಉಸಿರಾಟಕ್ಕೆ ಬಹಳ ಕಷ್ಟವಾದರೆ ಕಾಲು ಚಾಚಿಸಿಯೇ ಬೆನ್ನಿಗೆ ಒತ್ತುಕೊಟ್ಟು ಕೂರಿಸಬಹುದು. ಪ್ರಜ್ಞೆ ತಪ್ಪಿದರೆ ಒಂದು ಮಗ್ಗುಲಿಗೆ ಹೊರಳಿಸಿ. ಬಸುರಿ ಹೆಂಗಸಾದರೆ ಎಡಮಗ್ಗುಲು. ಬಾಯಿಗೆ ಏನೂ ಹಾಕಬೇಡಿ. ಊದಿದ ಗಂಟಲಲ್ಲಿ ಹುಣಸೆನೀರು ಶ್ವಾಸಕ್ಕೇ ಇಳಿಯುತ್ತದೆ. ಬೈಕಿನ ಸವಾರಿಯ ವಿಚಾರ ಇನ್ನು ಹೇಳಬೇಕಾಗಿಲ್ಲ. ಗುಣವಾದ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲಿ ಇರಲೇಬೇಕು, ಏಕೆಂದರೆ ಅಲೆ ಎರಡನೆಯ ಸಲವೂ ಬರಬಹುದು. "ಮನೆಗೆ ಹೋಗ್ತೀನಿ, ಪಾಳಿ ತಪ್ಪುತ್ತೆ" ಎಂದು ನಮ್ಮ ಗೆಳೆಯ ಹಟ ಮಾಡಿದ. ನರ್ಸಮ್ಮ ಗದರಿಸಿ ಕೂರಿಸಿದರು.

ಇದು ಮಿಂಚಿನಂತೆ ಬರುವ ಬಗೆ. ನಿಧಾನವಾಗಿ ಬರುವುದು ಇನ್ನೊಂದು. ಅದನ್ನು ಹೇಳಬೇಕಾದರೆ ನಮ್ಮವ್ವನ ಮಾತು ಹೇಳಬೇಕು.

ಹನ್ನೆರಡು ವರ್ಷದ ಹಿಂದೆ ಮೂತ್ರದ ಉರಿಗೆಂದು ಒಬ್ಬ ವೈದ್ಯರು ಅವಳಿಗೆ ಸಲ್ಫಾ ಜಾತಿಯ ಗುಳಿಗೆ ಕೊಟ್ಟರು. ಎಂಟನೆಯ ದಿನ ಜ್ವರ ಬಂತು, ಕಣ್ಣು ಕೆಂಪಾಯಿತು, ಬಾಯೊಳಗೆ ಹುಣ್ಣೆದ್ದಿತು. ಗುಳಿಗೆ ನಿಲ್ಲಿಸಿದರು, ಇಳಿಯಿತು. ಚೀಟಿ ಎಲ್ಲಿ ಹೋಯಿತೋ. ಮೂರು ವರ್ಷದ ಮೇಲೆ ಬೇರೆ ಊರಿನಲ್ಲಿ, ಬೇರೆ ವೈದ್ಯರ ಮುಂದೆ ಅವಳು ಹೇಳಿದಳು: "ನನಗೊಂದು ಬಿಳಿ ಗುಳಿಗೆ ಒಗ್ಗಾದಿಲ್ರಪ್ಪಾ." ಅವರು, "ಎಲ್ಲಾ ಗುಳಿಗೆನೂ ಬಿಳಿನೇ ಅಲ್ವೇನಮ್ಮಾ" ಎಂದು ನಕ್ಕರು. ಅವರ ತಪ್ಪೂ ಪೂರ್ತಿ ಅಲ್ಲ. ಬೇರೆ ಕಂಪನಿಯ ಬೇರೆ ಹೆಸರಿನಲ್ಲಿ ಅದೇ ಔಷಧ ಬಂತು. ಈ ಸಲ ಎರಡೇ ದಿನ ಹಿಡಿಯಿತು. ಮೈಯ ತೊಗಲು ಸುಟ್ಟವರ ಹಾಗೆ ಪದರಪದರವಾಗಿ ಬಿಟ್ಟುಕೊಂಡಿತು. ಇಪ್ಪತ್ತೊಂದು ದಿನ ದೊಡ್ಡಾಸ್ಪತ್ರೆಯಲ್ಲಿ ಬಾಳೆಎಲೆಯ ಮೇಲೆ ಮಲಗಿಸಿದ್ದರು. ಬದುಕಿದಳು. ಕಣ್ಣಿನ ಪಸೆ ಆರಿಹೋಯಿತು. ಇವತ್ತಿಗೂ ಗಂಟೆಗೊಮ್ಮೆ ಹನಿ ಬಿಡಬೇಕು, ಸೂಜಿಗೆ ದಾರ ಪೋಣಿಸಲಾರಳು. ನಾನು ಅವಳ ಮಗ. ನೂರಾರು ಮಕ್ಕಳಿಗೆ ಕಾಗುಣಿತ ತಿದ್ದಿಸಿದವನು. ನಮ್ಮವ್ವನಿಗೆ ಒಗ್ಗದ ಔಷಧಿಯ ಹೆಸರನ್ನು ಒಂದು ಚೂರು ಕಾಗದದಲ್ಲಿ ಬರೆದಿಟ್ಟಿರಲಿಲ್ಲ.

ಇದಕ್ಕೆ ಸ್ಟೀವನ್ಸ್ ಜಾನ್ಸನ್ ಬೇನೆ ಎನ್ನುತ್ತಾರೆ. ಸಲ್ಫಾ, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮೆಜಪೀನ್, ಕೀಲುವಾತಕ್ಕೆ ಕೊಡುವ ಅಲೊಪ್ಯೂರಿನಾಲ್ ಇವುಗಳಿಂದ ಬರುವುದು ಹೆಚ್ಚು. ಬಹಳ ಅಪರೂಪ, ಆದರೆ ಬಂದವರಿಗೆ ಅಪರೂಪವೆಂಬುದು ಸಮಾಧಾನವಲ್ಲ. ಹೊಸ ಔಷಧ ಆರಂಭಿಸಿದ ಒಂದೆರಡು ತಿಂಗಳೊಳಗೆ ಜ್ವರದೊಡನೆ ದದ್ದು, ಬಾಯಲ್ಲಿ, ಕಣ್ಣಲ್ಲಿ, ಗುಪ್ತಾಂಗದಲ್ಲಿ ಹುಣ್ಣು, ಮುಖ ಊತ, ತೊಗಲು ಮುಟ್ಟಿದರೆ ನೋವು ಇವು ಕಂಡರೆ ಆ ಹೊತ್ತೇ ಔಷಧದ ಸಮೇತ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಎನ್ನಬೇಡಿ.

ಒಗ್ಗದಿಕೆ ಬೇರೆ, ಅಡ್ಡಪರಿಣಾಮ ಬೇರೆ ಎಂಬುದನ್ನೂ ತಿಳಿಯಬೇಕು. ಔಷಧಿಯಿಂದ ಬರುವ ತೊಂದರೆಗಳಲ್ಲಿ ಹೆಚ್ಚಿನ ಪಾಲು ಒಗ್ಗದಿಕೆಯಲ್ಲ. ಔಷಧಿಯ ಸ್ವಂತ ಗುಣವೇ ಮಿತಿಮೀರಿ ಮಾಡುವ ಕೇಡು. ನಮ್ಮ ಹಮಾಲರು ಸೊಂಟನೋವಿಗೆ ದಿನಾ ಎರಡು ನೋವಿನ ಗುಳಿಗೆ ನುಂಗಿ ಮೂಟೆ ಹೊರುತ್ತಾರೆ. ಅದು ಹೊಟ್ಟೆಯ ಒಳಪದರವನ್ನು ಹುಣ್ಣುಮಾಡುತ್ತದೆ. ಮಲ ಟಾರಿನಂತೆ ಕಪ್ಪಗೆ ಹೋದರೆ ಒಳಗೆ ರಕ್ತ ಹರಿದಿದೆಯೆಂದೇ ತಿಳಿಯಬೇಕು. ಬಾಯ್ಲರಿನ ಹತ್ತಿರ ಬೆವರು ಸುರಿಸಿ, ನೀರು ಕುಡಿಯಲು ಬಿಡುವಿಲ್ಲದೆ, ಮೇಲೆ ಇದೇ ಗುಳಿಗೆ ತೆಗೆದುಕೊಂಡರೆ ಮೂತ್ರಪಿಂಡ ಕೆಡುತ್ತದೆ. ಇಲ್ಲಿ ರೋಗ ಗುಳಿಗೆಯದೋ, ಮೂಟೆಯ ತೂಕದ್ದೋ, ನೀರಿಗೆ ಬಿಡದ ಮೇಸ್ತ್ರಿಯದೋ? ಯೋಚಿಸಿ. ಪ್ಯಾರಾಸಿಟಮಾಲ್ ಸಾಧುಪ್ರಾಣಿ ಎಂದು ಹೆಸರು. ಅದೂ ದಿನಕ್ಕೆ ನಾಲ್ಕು ಗ್ರಾಂ ಮೀರಿದರೆ ಪಿತ್ತಜನಕಾಂಗಕ್ಕೆ ವಿಷ. ನೆಗಡಿಯ ಗುಳಿಗೆಯಲ್ಲೂ ಅದೇ, ಮೈಕೈ ನೋವಿನ ಗುಳಿಗೆಯಲ್ಲೂ ಅದೇ ಇರುತ್ತದೆ. ಹೆಸರು ಬೇರೆಯಾದ್ದರಿಂದ ನಾವು ಮೂರನ್ನೂ ಕೂಡಿಸಿ ನುಂಗುತ್ತೇವೆ. ಡೆಂಗ್ಯೂ ಸಂಶಯವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುತ್ತವೆ. ನಾಟಿ ಔಷಧಕ್ಕೆ ಅಡ್ಡಪರಿಣಾಮವೇ ಇಲ್ಲವೆಂಬುದೂ ಸುಳ್ಳು. ಮಂಡಿನೋವಿಗೆಂದು ಸಂತೆಯಲ್ಲಿ ಕೊಡುವ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು.

ಇದರ ಇನ್ನೊಂದು ಮಗ್ಗುಲೂ ಇದೆ. ಅಮಾಕ್ಸಿಸಿಲಿನ್ ತೆಗೆದುಕೊಂಡಾಗ ಎರಡು ಸಲ ಭೇದಿಯಾದರೆ ಅದು ಒಗ್ಗದಿಕೆಯಲ್ಲ. ಚಿಕ್ಕಂದಿನಲ್ಲಿ ಏನೋ ದದ್ದೆದ್ದಿತ್ತೆಂದು ಜನ್ಮವಿಡೀ ಪೆನಿಸಿಲಿನ್ ಆಗದೆಂದು ಹೇಳಿಕೊಳ್ಳುವವರಲ್ಲಿ, ಸರಿಯಾಗಿ ಪರೀಕ್ಷಿಸಿದರೆ, ಹತ್ತರಲ್ಲಿ ಒಂಬತ್ತು ಮಂದಿಗೆ ಅದು ಒಗ್ಗುತ್ತದೆಂದು ಕಂಡುಬಂದಿದೆ. ಇದು ಸಣ್ಣ ಮಾತಲ್ಲ. ಪೆನಿಸಿಲಿನ್ ಅಗ್ಗದ ಔಷಧ. ೧೯೫೪ರಲ್ಲಿ ಪುಣೆಯ ಹತ್ತಿರ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಎಂಬ ಸರ್ಕಾರಿ ಕಾರ್ಖಾನೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಕಟ್ಟಿದ್ದೇ ಬಡವನಿಗೆ ಅದು ಎಟುಕಲೆಂದು. ಗಂಟಲುಬೇನೆಯಿಂದ ಹೃದಯದ ಕವಾಟ ಕೆಡುವ ರೋಗ ಇಕ್ಕಟ್ಟಿನ ವಠಾರಗಳ ಮಕ್ಕಳಿಗೇ ಹೆಚ್ಚು. ಅದು ಮರುಕಳಿಸದಂತೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜಕ್ಷನ್ ಬೇಕು. ಎಲ್ಲಿ ಏನಾದೀತೋ ಎಂಬ ಭಯದಿಂದ ಎಷ್ಟೋ ವೈದ್ಯರು ಅದನ್ನು ಹಾಕಲು ಹಿಂಜರಿಯುತ್ತಾರೆ. ಪಕ್ಕದಲ್ಲಿ ಅಡ್ರಿನಲಿನ್ ಇಟ್ಟುಕೊಂಡು, ಹಾಕಿದ ಮೇಲೆ ಅರ್ಧ ಗಂಟೆ ಕೂರಿಸಿಕೊಂಡರೆ ಆ ಭಯ ಬಹುಮಟ್ಟಿಗೆ ತೀರುತ್ತದೆ. ಅಡ್ರಿನಲಿನ್ ಇಲ್ಲದೆ ಮಾಡುವ 'ಟೆಸ್ಟ್ ಡೋಸ್' ಮಾತ್ರ ಜೂಜು. ಆ ಹನಿಯೇ ಸೈರನ್ ಕೂಗಿಸಬಲ್ಲದು. ಆದ್ದರಿಂದ ಸುಮ್ಮನೆ "ನನಗೆ ಅಲರ್ಜಿ" ಎನ್ನಬೇಡಿ. ಯಾವ ಔಷಧ, ತೆಗೆದುಕೊಂಡ ಎಷ್ಟು ಹೊತ್ತಿಗೆ, ಏನಾಯಿತು ಎಂದು ಹೇಳಿ.

ಹೇಳುವುದಕ್ಕೆ ಹೆಸರು ತಿಳಿದಿರಬೇಕಲ್ಲ! ನಮ್ಮ ದೇಶದಲ್ಲಿ ಒಂದೇ ಪ್ಯಾರಾಸಿಟಮಾಲಿಗೆ ಕ್ರೋಸಿನ್, ಕ್ಯಾಲ್ಪಾಲ್, ಡೋಲೋ ಎಂದು ಮುಗಿಯದ ಹೆಸರುಗಳು. ಮೂಲ ಹೆಸರು ಬಹುಕಾಲ ಸಣ್ಣಕ್ಷರದಲ್ಲಿತ್ತು. ೧೯೭೫ರಲ್ಲಿ ಜಯಸುಖಲಾಲ್ ಹಾಥಿಯವರ ಸಮಿತಿ ಕೇಂದ್ರ ಸರ್ಕಾರಕ್ಕೆ ವರದಿ ಕೊಟ್ಟು, ೧೧೭ ಅವಶ್ಯಕ ಔಷಧಗಳನ್ನು ಹೆಸರಿಸಿ, ಕಂಪನಿ ಹೆಸರುಗಳನ್ನು ಹಂತಹಂತವಾಗಿ ತೆಗೆದು ಮೂಲ ಹೆಸರಿನಲ್ಲೇ ಮಾರಬೇಕೆಂದಿತು. ಕಂಪನಿಗಳಿಗೆ ರುಚಿಸಲಿಲ್ಲ, ಆ ವಿಷಯ ಕಡತದಲ್ಲಿ ಉಳಿಯಿತು. ಇನ್ನು ಭಾಷೆ. ಪೊಟ್ಟಣದೊಳಗಿನ ಎಚ್ಚರಿಕೆಯ ಚೀಟಿ ಇರುವುದು ಇಂಗ್ಲಿಷಿನಲ್ಲಿ. ೧೯೫೭ರಲ್ಲಿ ಡಾ. ಲೋಹಿಯಾ ಇಂಗ್ಲಿಷ್ ತೊಲಗಿಸುವ ಚಳವಳಿ ಹೂಡಿದಾಗ ಅದನ್ನು ಹುಚ್ಚೆಂದವರಿದ್ದರು. ನಮ್ಮವ್ವ ನುಂಗಿದ ಗುಳಿಗೆಯ ಅಪಾಯ ಅವಳಿಗೆ ತಿಳಿಯದ ಭಾಷೆಯಲ್ಲಿ ಅಚ್ಚಾಗಿ ಅವಳ ಕೈಯಲ್ಲೇ ಇತ್ತು. ಯಾವುದು ಹುಚ್ಚು?

ಅಂಗಡಿಯ ಬಂಧುಗಳಿಗೆ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಗಿರಾಕಿ ಎರಡು ಗುಳಿಗೆ ಕೇಳಿದಾಗ ನೀವು ಹಾಳೆಯನ್ನು ಕತ್ತರಿಯಿಂದ ಕತ್ತರಿಸಿ ಕೊಡುತ್ತೀರಿ. ಹೆಸರು ಒಂದು ತುಂಡಿನಲ್ಲಿ, ಅವಧಿಯ ತಾರೀಕು ಇನ್ನೊಂದರಲ್ಲಿ. ಅವನಿಗೆ ಏನಾದರೂ ಆದರೆ ನುಂಗಿದ್ದೇನೆಂದು ಬ್ರಹ್ಮನೂ ಹೇಳಲಾರ. ಕೆಂಪು ಗೆರೆ ಇರುವ ಹಾಳೆಯ ಔಷಧವನ್ನು ವೈದ್ಯರ ಚೀಟಿಯಿಲ್ಲದೆ, ಪರವಾನಗಿಯಿಲ್ಲದೆ ಮಾರುವುದು ಕಾನೂನಿನ ಪ್ರಕಾರ ಅಪರಾಧ. ಅದನ್ನು ಕಿರಾಣಿ ಅಂಗಡಿಯಲ್ಲಿ ಇಡಲೇಬೇಡಿ. ಆ ದಿನ ಗುಳಿಗೆ ಕೊಟ್ಟ ಅಂಗಡಿಯಾತ ಬಾಗಿಲು ಹಾಕಿ ಆರೋಗ್ಯ ಕೇಂದ್ರದ ತನಕ ಓಡಿಬಂದು, ಉಳಿದ ಹಾಳೆಯನ್ನು ನರ್ಸಮ್ಮನಿಗೆ ತೋರಿಸಿದ. ಅದರಿಂದಲೇ ಅದು ಡೈಕ್ಲೊಫೆನಾಕ್ ಎಂದು ತಿಳಿದದ್ದು. ಅವನನ್ನು ಬೈದವರು ಇದನ್ನೂ ನೆನೆಯಬೇಕು.

ಒಗ್ಗದಿಕೆಯೆಂದು ಹೇಳಿ ತಪ್ಪಿತಸ್ಥರು ತಪ್ಪಿಸಿಕೊಳ್ಳುವುದೂ ಉಂಟು. ೧೯೩೭ರಲ್ಲಿ ಅಮೆರಿಕದಲ್ಲಿ ಸಲ್ಫಾ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದಲ್ಲಿ ಕರಗಿಸಿ ಮಾರಿದ್ದರಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ವಿಷ ಬೆರೆತ ಗ್ಲಿಸರಿನ್ನಿಂದ ೧೯೮೬ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಹದಿನಾಲ್ವರು ಸತ್ತು, ನ್ಯಾಯಮೂರ್ತಿ ಲೆಂಟಿನ್ ಅವರ ವಿಚಾರಣೆ ನಡೆಯಿತು. ೨೦೨೪ರ ಕೊನೆಯಲ್ಲಿ ನಮ್ಮ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ನರಕ್ಕೆ ಏರಿಸಿದ ದ್ರಾವಣದ ಮೇಲೆ ಸಂಶಯ ಬಿದ್ದು ಸರ್ಕಾರ ಅದರ ಬಳಕೆ ನಿಲ್ಲಿಸಿತು. ಇವು ಮೈಯ ದೋಷವಲ್ಲ, ಮಾಲಿನ ದೋಷ. ಒಂದೇ ವಾರ್ಡಿನಲ್ಲಿ ಹಲವರಿಗೆ ಒಂದೇ ರೀತಿ ಆದರೆ, ಅವರಿಗೆ ಒಗ್ಗಲಿಲ್ಲ ಎಂಬ ಉತ್ತರವನ್ನು ಒಪ್ಪಬೇಡಿ.

ಎರಡನ್ನೂ ಬಯಲಿಗೆಳೆಯುವುದು ವರದಿಯೊಂದೇ. ೧೯೫೭ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಗುಳಿಗೆಯನ್ನು ನಿರಪಾಯಕಾರಿಯೆಂದು ಮಾರಿದರು. ಬಸುರಿಯರೂ ವಾಕರಿಕೆಗೆಂದು ತೆಗೆದುಕೊಂಡರು. ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಊನವಾಗಿ ಹುಟ್ಟಿದರು. ಹ್ಯಾಂಬರ್ಗಿನ ವೈದ್ಯ ಲೆಂಟ್ಸ್ ತಾಯಂದಿರನ್ನು ಕೇಳಿಕೇಳಿ ಲೆಕ್ಕ ಹಿಡಿದು ಗಟ್ಟಿಯಾಗಿ ಹೇಳಿದ ಮೇಲೆ, ೧೯೬೧ರ ನವೆಂಬರಿನಲ್ಲಿ, ಕಂಪನಿ ಅದನ್ನು ಹಿಂತೆಗೆಯಿತು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಸರ್ಕಾರಿ ವೈದ್ಯೆ ಕಂಪನಿಯ ಒತ್ತಾಯಕ್ಕೆ ಬಗ್ಗದೆ ಅನುಮತಿಯನ್ನೇ ಕೊಡಲಿಲ್ಲ. ನಮ್ಮ ದೇಶದಲ್ಲಿ ೨೦೧೦ರಿಂದ ಇಂಥ ದುಷ್ಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ ಇದೆ. ಅದರ ಕೇಂದ್ರ ಘಾಜಿಯಾಬಾದಿನ ಔಷಧಸಂಹಿತೆ ಆಯೋಗ. ವೈದ್ಯರಷ್ಟೇ ಅಲ್ಲ, ರೋಗಿಯೂ ವರದಿ ಮಾಡಬಹುದು. ೧೮೦೦-೧೮೦-೩೦೨೪ ಎಂಬ ಸಂಖ್ಯೆಗೆ ಕಾಸಿಲ್ಲದೆ ಫೋನು ಮಾಡಬಹುದು. ರೋಗಿಗಳು ತುಂಬುವ ನಮೂನೆ ಕನ್ನಡದಲ್ಲೂ ಇದೆ. ಇದು ಯಾರ ಮೇಲೂ ಮೊಕದ್ದಮೆಯಲ್ಲ. ಆದ್ದರಿಂದ ವೈದ್ಯರಿಗೆ ಅಂಜಿ ಬಿಡಬೇಕಾಗಿಲ್ಲ. ನಮ್ಮ ಗೆಳೆಯನ ವರದಿ ಹೋದ ವಾರ ಹೋಗಿದೆ.

ಮಾಲೀಕರ ಮುಂದೆ ಸಂಘ ಇಡುವ ಬೇಡಿಕೆ ಹೆಚ್ಚಿನದಲ್ಲ. ಪಾಳಿಗೊಬ್ಬರಂತೆ ಪ್ರಥಮ ಚಿಕಿತ್ಸೆಯ ತರಬೇತಿ, ಮಲಗಿಸಿ ಒಯ್ಯಲು ಒಂದು ಸ್ಟ್ರೆಚರು, ಬಾಯ್ಲರಿನ ಬಳಿ ಕುಡಿಯುವ ನೀರು. ನಮ್ಮ ಸಂಬಳದಿಂದ ಹಣ ಕತ್ತರಿಸುವ ಇ.ಎಸ್.ಐ. ಔಷಧಾಲಯದಲ್ಲಿ, ಇಂಜಕ್ಷನ್ ಹಾಕುವ ಪ್ರತಿ ಮೇಜಿನ ಮೇಲೆ ಅಡ್ರಿನಲಿನ್ ಇರಬೇಕು. ಆ ಕುಪ್ಪಿಯ ಬೆಲೆ ಒಂದು ಊಟದ ಬೆಲೆಗಿಂತ ಕಡಿಮೆ. ಅದೇ ಔಷಧವನ್ನು ತಾನಾಗಿ ಚುಚ್ಚುವ ಪೆನ್ನಿನಲ್ಲಿ ತುಂಬಿ ಅಮೆರಿಕದ ಕಂಪನಿಯೊಂದು ೨೦೧೬ರಲ್ಲಿ ಜೋಡಿಗೆ ಆರುನೂರು ಡಾಲರಿಗೂ ಮೇಲೆ ಮಾರುತ್ತಿತ್ತು. ಒಂಬತ್ತು ವರ್ಷದ ಹಿಂದೆ ಅದು ಸುಮಾರು ನೂರಕ್ಕೆ ಸಿಗುತ್ತಿತ್ತು. ಒಳಗಿನ ಔಷಧ ಬದಲಾಗಿರಲಿಲ್ಲ.

ಬಾಗಿಲ ಬಳಿ ಮೇಜಿನ ಮೇಲೆ ರಟ್ಟಿನ ಕಾರ್ಡುಗಳನ್ನು ಇಟ್ಟಿದ್ದೇವೆ. ಹೆಸರು, ಒಗ್ಗದ ಔಷಧದ ಮೂಲ ಹೆಸರು, ಯಾವ ವರ್ಷ, ಏನಾಯಿತು, ಈಗ ದಿನಾ ತೆಗೆದುಕೊಳ್ಳುವ ಔಷಧ ಇಷ್ಟನ್ನು ತುಂಬಿ ಜೇಬಿನಲ್ಲಿ ಇಟ್ಟುಕೊಳ್ಳಿ. ಮನೆಯ ಹೆಂಗಸರಿಗೂ ಮಕ್ಕಳಿಗೂ ಒಂದೊಂದು ಒಯ್ಯಿರಿ. ಬರೆಯಲು ಬಾರದವರಿಗೆ ನಾನೂ ಕಾರ್ಯದರ್ಶಿಗಳೂ ಬರೆದುಕೊಡುತ್ತೇವೆ. ಹಳೆಯ ಚೀಟಿ, ಹಾಳೆ ಮನೆಯಲ್ಲಿದ್ದರೆ ನಾಳೆ ಸಂಜೆ ಪಾಳಿ ಬಿಟ್ಟ ಮೇಲೆ ತನ್ನಿ, ಎಂಟರವರೆಗೆ ಇಲ್ಲೇ ಇರುತ್ತೇವೆ.